ಶಿಳ್ಳೆಯ ಚಿತ್ರ

ತಂಗೀ,

ನೀನು ತೀರಿಕೊಂಡ ಮೇಲೆ ಮೊದಲ ಸಲ ಬರೆಯುತ್ತಿದ್ದೇನೆ. ಈಗ ನನ್ನ ಕಿವಿಯೊಳಗೂ ಹಗಲಿರುಳು ಶಿಳ್ಳೆ. ಮಗ ಅದನ್ನು ಅರಳುಮರಳು ಎಂದ. ಇವತ್ತು ಮಿದುಳಿನ ಸ್ಕ್ಯಾನ್ ಮಾಡಿಸಿದರು. ಏನೂ ಕಾಣದಿದ್ದರೆ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಎಂದುಕೊಂಡೇ ಹೋದೆ.

"ತಲೆ ಅಲ್ಲಾಡಿಸಬೇಡಿ ಅಜ್ಜಿ," ಎಂದಳು ಯಂತ್ರದ ಬಳಿಯಿದ್ದ ಹುಡುಗಿ.

"ಯಾರ ಮುಂದೂ ಅಲ್ಲಾಡಿಸಿದವಳಲ್ಲ ಕಣೆ," ಎಂದೆ.

ಯಂತ್ರ ದಡಬಡ ಬಡಿಯುತ್ತಿದ್ದರೂ ಶಿಳ್ಳೆ ಕೇಳುತ್ತಲೇ ಇತ್ತು. ಅದು ಚಿತ್ರದಲ್ಲಿ ಸಿಕ್ಕಿಬೀಳಲಿ ಎಂದು ಹಲ್ಲು ಕಚ್ಚಿ ಮಲಗಿದೆ.

ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. "ಕಿವಿ ಮಂದ ಆದಾಗ ಮಿದುಳೇ ಶಬ್ದ ಹುಟ್ಟಿಸಿಕೊಳ್ಳುತ್ತೆ. ನೋಡಿ, ಶಬ್ದ ಕೇಳೋ ಈ ಭಾಗ ಅದಕ್ಕೇ ಹೆಚ್ಚು ಕೆಲಸ ಮಾಡ್ತಿದೆ. ಅಮ್ಮ ಹೇಳ್ತಿರೋದು ಸುಳ್ಳಲ್ಲ."

"ಕೇಳಿಸ್ತೇನೋ?" ಎಂದು ಮಗನನ್ನು ತಿವಿದೆ.

"ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?" ಎಂದರು ಡಾಕ್ಟರು.

"ಚಿಕ್ಕಮ್ಮನೂ ಇದೇ ಹೇಳ್ತಿದ್ರಲ್ಲಮ್ಮ," ಎಂದ ಮಗ.

"ಅವಳು ಕೆಲಸ ತಪ್ಪಿಸೋಕೆ ಹೇಳ್ತಿದ್ದಳು," ಎಂದೆ, ಆಗ ನಿನಗೆ ಅಂದ ಹಾಗೆಯೇ.

"ಪರೀಕ್ಷೆ ಮಾಡಿಸಿದ್ರಾ?" ಡಾಕ್ಟರು ಮೆಲ್ಲಗೆ ಕೇಳಿದರು.

ಗೆದ್ದವಳ ಹಾಗೆ ಎದ್ದು ಹೊರಡಬೇಕೆಂದಿದ್ದೆ. ಅದರ ಬದಲು, ಇಲ್ಲ ಎಂದು ಡಾಕ್ಟರ ಮುಂದೆ ತಲೆ ಅಲ್ಲಾಡಿಸಿದೆ.

ನಿನ್ನ ಅಕ್ಕ