ಮಾತಾಡುವ ಹೆಲ್ಮೆಟ್ಟು

ಜಿರ್ಗಲಾನ್
ಮಾರ್ಚ್ ೨೯

ಪ್ರೀತಿಯ ಮಗಳು ಬರ್ಮೆತ್‌ಗೆ,

ಅಪ್ಪನ ಆಶೀರ್ವಾದಗಳು. ನಾನು, ನಿನ್ನ ಅಮ್ಮ, ಎರಡು ಕುದುರೆ, ಹಲ್ಲಿಲ್ಲದ ಆ ನಾಯಿ, ಎಲ್ಲರೂ ಇದ್ದೇವೆ. ಮಿನಿಬಸ್ಸಿನ ಡ್ರೈವರ್ ಕೈಯಲ್ಲಿ ನೀನು ಕಳಿಸಿದ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ತಡವಾದದ್ದಕ್ಕೆ ಹಿಮ, ಕುದುರೆಯ ಲಾಳ, ಸ್ಕೀ ಆಡಲು ಬರುವ ಅತಿಥಿಗಳ ಗಲಾಟೆ ಅಂತ ಎಷ್ಟು ನೆಪ ಬೇಕಾದರೂ ಹೇಳಬಹುದು. ನಿಜ ಹೇಳಬೇಕೆಂದರೆ ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ. ಹದಿನೆಂಟು ವರ್ಷ ಕಲ್ಲಿದ್ದಲು ಕಡಿದ ಕೈಗೆ ಪೆನ್ನು ಭಾರ.

ನೀನು ಫೋನ್ ಎತ್ತುವುದಿಲ್ಲ. ಇಶೆನ್‌ಬಾಯ್‌ನ ನಲವತ್ತನೇ ದಿನದ ಊಟಕ್ಕೆ ಬರಲಿಲ್ಲ, ಮಾರನೇ ದಿನದ ನೂರೂಜ್ ಹಬ್ಬಕ್ಕೂ ಬರಲಿಲ್ಲ. "ನಾನು ಕಳಿಸಿದ ಹೆಲ್ಮೆಟ್ಟೇ ಇಶೆನ್ ಚಿಕ್ಕಪ್ಪನನ್ನು ಕೊಂದಿತು, ಸಾಲ್ಕಿನ್ ಚಿಕ್ಕಮ್ಮನಿಗೆ ಯಾವ ಮುಖ ತೋರಿಸಲಿ" ಅಂತ ಬರೆದಿದ್ದೀಯ. ಬಿಷ್ಕೆಕ್‌ನ ಸಂತೆಯಲ್ಲಿ ಎರಡು ತರಹದ್ದಿದ್ದವು, ಒಳ್ಳೆಯದನ್ನು ಬಿಟ್ಟು ಅಗ್ಗದ್ದನ್ನು ಆರಿಸಿದೆ ಅಂತಲೂ, ಇನ್ನು ಈ ಊರಿಗೆ ಕಾಲಿಡಲಾರೆ ಅಂತಲೂ. ಅದನ್ನು ಓದಿದ ಮೇಲೆ ನಿನ್ನ ಅಮ್ಮ ಎರಡು ದಿನ ರೊಟ್ಟಿ ಸುಡಲಿಲ್ಲ. ಮೂರನೇ ದಿನದಿಂದ ನನಗೆ ಬೈಯಲು ಶುರು ಮಾಡಿದ್ದಾಳೆ: "ನಿಮ್ಮ ಮಗಳು ಅಲ್ಲಿ ಒಬ್ಬಳೇ ಕೂತು ಸಾಯ್ತಾ ಇದಾಳೆ. ನಾಲ್ಕು ಸಾಲು ಗೀಚೋಕೆ ನಿಮಗೇನ್ರೀ ರೋಗ?"

ಮೊದಲು ಊರಿನ ಸುದ್ದಿ. ಈ ವರ್ಷ ಹಿಮ ತಡವಾಗಿ ಬಂತು, ಬಂದದ್ದು ಅಳತೆಯಿಲ್ಲದೆ ಬಂತು. ಗಣಿಯ ಹಳೆಯ ಕಚೇರಿಯನ್ನು ಬಣ್ಣ ಬಳಿದು ಅತಿಥಿಗೃಹ ಮಾಡಿದ್ದಾರೆ. ಪಕ್ಕದ ಮನೆಯವರ ಹಸು ಅವಳಿ ಹಾಕಿತು.

ಹೆಲ್ಮೆಟ್ಟಿನ ಕಥೆ ನಿನಗೆ ಫೋನಿನಲ್ಲಿ ಪೂರ್ತಿ ಹೇಳಿರಲಿಲ್ಲ. ನವೆಂಬರಿನಲ್ಲಿ ನೀನು ಒಂದು ನನಗೆ, ಒಂದು ಇಶೆನ್‌ಬಾಯ್‌ಗೆ ಅಂತ ಕಳಿಸಿದಾಗ ಅವನು ಅದನ್ನು ತಲೆಯ ಮೇಲಿಟ್ಟುಕೊಂಡು, "ಲೋ ಅಸನ್, ಇದ್ರೊಳಗೆ ಒಬ್ಬಳು ರಷ್ಯನ್ ಹೆಂಗಸು ಕೂತವ್ಳಲ್ಲೋ! ಸಾಲ್ಕಿನ್‌ಗೆ ಹೇಳಬೇಡ ಮಾರಾಯ" ಅಂದ. ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ಫೋನಿನ ಆ್ಯಪ್ ಮಾತಾಡುತ್ತಿತ್ತು. ಎಷ್ಟು ವೇಗ, ಎಷ್ಟು ಮೀಟರ್ ಇಳಿದೆ, ಎಲ್ಲ ಕಿವಿಯಲ್ಲಿ ಉಸುರುತ್ತಿತ್ತು. ಕಿವಿಯ ಪಕ್ಕದ ಗುಂಡಿ ಒತ್ತಿದರೆ ಇಶೆನ್‌ಬಾಯ್‌ನ ದನಿ. ಅವನು ಅರ್ಧ ಕಿಲೋಮೀಟರ್ ಮೇಲಿದ್ದರೂ ಹೆಗಲ ಮೇಲೆ ಕೂತು ಮಾತಾಡಿದ ಹಾಗೆ. ಮುಂದೆ ನಾನು, ಹಿಂದೆ ಅವನು, ನಡುವೆ ಅತಿಥಿಗಳು. ಇಪ್ಪತ್ತು ವರ್ಷದಿಂದ ನಾವು ಸ್ಕೀ ಗೈಡುಗಳಾಗಿ ಹೀಗೇ ಇಳಿದದ್ದು, ಆದರೆ ಇಷ್ಟು ಹರಟಿದ್ದಿಲ್ಲ. ನಿನ್ನ ಅಮ್ಮ ಅಂದಳು: "ಮೂವತ್ತು ವರ್ಷದಲ್ಲಿ ನನ್ನ ಹತ್ರ ಆಡದಷ್ಟು ಮಾತು ಆ ಟೊಪ್ಪಿ ಹತ್ರ ಆಡ್ತಿದೀರಲ್ಲ."

ನಮ್ಮ ಹಳೆಯ ಪದ್ಧತಿ ನಿನಗೆ ಗೊತ್ತು. ಬೋಳು ಇಳಿಜಾರು ದಾಟುವ ಮೊದಲು ಮುಂದಿನವನು ಟೊಪ್ಪಿ ತೆಗೆದು ಸುಮ್ಮನೆ ನಿಲ್ಲಬೇಕು. ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು. ಗಣಿಯಲ್ಲಿ ತಲೆಯ ಮೇಲಿನ ಕಲ್ಲು ಸದ್ದು ಮಾಡಿದರೆ ಓಡುತ್ತಿದ್ದೆವಲ್ಲ, ಹಿಮವೂ ಹಾಗೆಯೇ, ಒಳಗಿನಿಂದ ಗುಮ್ ಅನ್ನುತ್ತದೆ. ಹಿಂದಿನವನು ಒಂದು ಸೀಟಿ ಊದಿದರೆ ಹೋಗು, ಎರಡು ಊದಿದರೆ ನಿಲ್ಲು. ಆರು ವರ್ಷದವಳಿದ್ದಾಗ ನಿನಗೆ ಇದನ್ನು ಕಲಿಸಿದವನು ನಾನಲ್ಲ, ಇಶೆನ್‌ಬಾಯ್. ಈ ಚಳಿಗಾಲ ನಾವಿಬ್ಬರೂ ಟೊಪ್ಪಿ ತೆಗೆಯುವುದನ್ನು ಬಿಟ್ಟೆವು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಕಟ್ಟುವುದು ಯಾರಿಗೆ ಬೇಕು?

ಇನ್ನೊಂದು ತಮಾಷೆ ಕೇಳು. ಬೆಕ್‌ತೂರ್ ಅಂತ ಇಪ್ಪತ್ತನಾಲ್ಕರ ಹೊಸ ಗೈಡ್ ಇದ್ದಾನೆ, ಕುದುರೆ ಸಾಕುವವರ ಮಗ. ಎಲ್ಲರ ಆ್ಯಪ್‌ಗಳನ್ನೂ ಒಂದಕ್ಕೊಂದು ಜೋಡಿಸಿ, ವಾರದಲ್ಲಿ ಯಾರು ಹೆಚ್ಚು ಮೀಟರ್ ಇಳಿದರು ಅಂತ ಪಟ್ಟಿ ಬರುವ ಹಾಗೆ ಮಾಡಿದ. ಭಾನುವಾರ ಗೈಡುಗಳೆಲ್ಲ ಕೂತು ಉಣ್ಣುವಾಗ ಕುರಿಯ ತಲೆ ಯಾರ ಮುಂದೆ ಬರಬೇಕು? ಹಿರಿಯನ ಮುಂದೆ. ಹನ್ನೊಂದು ವರ್ಷದಿಂದ ನನ್ನ ಮುಂದೆ ಬರುತ್ತಿತ್ತು, ಕಿವಿ ಕತ್ತರಿಸಿ ಮಕ್ಕಳಿಗೆ ಹಂಚುತ್ತಿದ್ದವನು ನಾನು. ಇನ್ನು ಮೇಲೆ ಪಟ್ಟಿಯಲ್ಲಿ ಮೊದಲಿನವನಿಗೆ ತಲೆ ಅಂತ ಹುಡುಗರು ಹೇಳಿದರು, ಎಲ್ಲರೂ ನಕ್ಕು ಒಪ್ಪಿದರು, ನಾನೂ ನಕ್ಕೆ. ಆ ಆ್ಯಪ್ ಸರಿಯಾಗಿ ಎಣಿಸುವುದಿಲ್ಲ ಅಂತ ನಾನೊಮ್ಮೆ ಅಂದದ್ದಕ್ಕೆ ಬೆಕ್‌ತೂರ್, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ಅಲ್ವಾ ಮಾವ?" ಅಂದ. ನಾಲ್ಕು ಭಾನುವಾರ ಅವನೇ ತಲೆ ತಿಂದ. ಒಳ್ಳೆಯ ಹುಡುಗ, ನಾಲಗೆ ಮಾತ್ರ ಉದ್ದ.

ಈಗ ಆ ದಿನದ ಮಾತು. ಫೆಬ್ರವರಿ ಒಂಬತ್ತು, ಶನಿವಾರ. ಅತಿಥಿಗಳನ್ನು ಬೆಕ್‌ತೂರ್ ಜೊತೆ ಕೆಳಗೆ ಕಳಿಸಿ, ನಾಳೆಗೆ ಹಿಮ ಹೇಗಿದೆ ನೋಡೋಣ ಅಂತ ನಾನೂ ಇಶೆನ್‌ಬಾಯ್ ಮತ್ತೆ ಮೇಲೆ ಹತ್ತಿದೆವು. ನಾನು ಮುಂದೆ ಇಳಿಜಾರಿಗೆ ಇಳಿದೆ. ಚಳಿ ಮೈನಸ್ ಇಪ್ಪತ್ತೆರಡು. ಹೆಲ್ಮೆಟ್ಟು ಸತ್ತುಹೋಗಿತ್ತು, ಅವನು ಕೂಗಿದ್ದರೂ ನನಗೆ ಕೇಳಲಿಲ್ಲ. ಅವನು ನನ್ನ ಹಿಂದೆ ಇಳಿದ, ಮೇಲಿನಿಂದ ಹಿಮ ಒಡೆಯಿತು. ನಾನು ಅಂಚಿನಲ್ಲಿದ್ದೆ, ಉಳಿದೆ. ಅವನ ಎದೆಗೆ ಕಟ್ಟಿದ್ದ ಯಂತ್ರ ಹಿಮದಡಿಯಿಂದ ಕಳಿಸುತ್ತಿದ್ದ ಪೀಪಿ ಸದ್ದು ಹಿಡಿದು ಹುಡುಕಿ, ಅಗೆದು ತೆಗೆಯುವಷ್ಟರಲ್ಲಿ ಇಪ್ಪತ್ತೈದು ನಿಮಿಷ. ಅಗೆಯುವುದರಲ್ಲಿ ನಾನು ಯಾವತ್ತೂ ನಿಧಾನಿಯಲ್ಲ. ಆದರೂ ಇಪ್ಪತ್ತೈದು ನಿಮಿಷ.

ಊರವರಿಗೂ ಪೊಲೀಸರಿಗೂ ನಾನು ಹೇಳಿದ್ದು ಇಷ್ಟು. ಮಾರನೇ ವಾರ ಗೈಡುಗಳೆಲ್ಲ, ನಮ್ಮನ್ನು ನೋಡಿ ತಾವೂ ಕೊಂಡಿದ್ದ ಹೆಲ್ಮೆಟ್ಟುಗಳ ಸ್ಪೀಕರುಗಳನ್ನು ಕಿತ್ತು ಒಂದು ಗೋಣಿಚೀಲಕ್ಕೆ ತುಂಬಿದರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಈಗ ಮತ್ತೆ ಟೊಪ್ಪಿ ತೆಗೆದು ನಿಲ್ಲುತ್ತಾರೆ, ಸೀಟಿ ಊದುತ್ತಾರೆ. ಸಾಲ್ಕಿನ್ ನನ್ನನ್ನು ನೋಡಿದಾಗಲೆಲ್ಲ, "ಅಣ್ಣ, ನೀವು ಹಿಂಗೆ ಒಳಗೊಳಗೇ ಕೊರಗ್ಬೇಡಿ. ಆ ಹಾಳು ಯಂತ್ರ ಕೈ ಕೊಟ್ರೆ ನೀವೇನ್ ಮಾಡ್ತೀರಿ?" ಅಂತ ಬಲವಂತವಾಗಿ ಉಣ್ಣಿಸಿ ಕಳಿಸುತ್ತಾಳೆ.

ಆದ್ದರಿಂದ ಮಗಳೇ, ಆ ಚಳಿಗೆ ದುಬಾರಿಯದೂ ಸಾಯುತ್ತದೆ, ಅಗ್ಗದ್ದೂ ಸಾಯುತ್ತದೆ. ನೀನು ಪ್ರೀತಿಯಿಂದ ಕಳಿಸಿದ್ದಕ್ಕೆ ಪಾಪ ಅಂಟುವುದಿಲ್ಲ. ಸುಮ್ಮನೆ ಕೊರಗಬೇಡ, ಮೇ ತಿಂಗಳಿಗೆ ಬಾ. ಅಂಗೈ ತೆರೆದು ಹರಸುತ್ತಿದ್ದೇನೆ: ನಿನ್ನ ದಾರಿ ಬೆಳ್ಳಗಿರಲಿ, ಆಸ್ಪತ್ರೆಯಲ್ಲಿ ನೀನು ಮುಟ್ಟಿದವರೆಲ್ಲ ಎದ್ದು ಮನೆಗೆ ನಡೆಯಲಿ.

ನಿನ್ನ ಅಪ್ಪ,
ಅಸನ್‌ಕುಲ್

ಮರೆತ ಮಾತು: ಮರೆತದ್ದಲ್ಲ. ನಿನ್ನೆಯೇ ಅಂಟು ಹಾಕಿ ಮುಚ್ಚಿದ್ದೆ. ರಸ್ತೆಯಲ್ಲಿ ಹಿಮ ಬಿದ್ದು ಮಿನಿಬಸ್ಸು ಬರಲಿಲ್ಲ, ಕಾಗದ ಕಿಟಕಿಯ ಹಲಗೆಯ ಮೇಲೆ ನನ್ನನ್ನೇ ನೋಡುತ್ತಾ ಕೂತಿತ್ತು. ಬೆಳಿಗ್ಗೆ ಮತ್ತೆ ಹರಿದೆ.

ಬರ್ಮೆತ್, ಹೆಲ್ಮೆಟ್ಟು ಸತ್ತಿರಲಿಲ್ಲ. ನೀನು ಕೊಂಡದ್ದು ಆ ಚಳಿಯಲ್ಲೂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಹಿಮ ನೋಡಲು ನಾವು ಹೋಗಲಿಲ್ಲ. ಆ ವಾರ ಬೆಕ್‌ತೂರ್‌ಗಿಂತ ನಾನು ಮುನ್ನೂರ ಹತ್ತು ಮೀಟರ್ ಹಿಂದಿದ್ದೆ. ಇನ್ನೊಂದು ಸಲ ಇಳಿದರೆ ಭಾನುವಾರ ತಲೆ ನನ್ನ ಮುಂದೆ ಬರುತ್ತಿತ್ತು. ನಾಲ್ಕು ವಾರ ನಗುತ್ತಾ ಕೂತಿದ್ದೆನಲ್ಲ, ಒಂದು ವಾರವೂ ನನಗೆ ನಗು ಬಂದಿರಲಿಲ್ಲ. ಇಶೆನ್‌ಬಾಯ್‌ಗೆ ಅದು ಗೊತ್ತಿತ್ತು. "ನಿನ್ನ ಹಟಕ್ಕೆ ನನ್ನ ಮೊಣಕಾಲು ಬಲಿ" ಅಂತ ಗೊಣಗಿಕೊಂಡೇ ಜೊತೆಗೆ ಹತ್ತಿದ.

ಮರಗಳಿರುವ ಕಡೆಯಿಂದ ಇಳಿದರೆ ಸುತ್ತು, ಕತ್ತಲಾಗುತ್ತದೆ ಅಂತ ಬೋಳು ಇಳಿಜಾರಿಗೆ ಹೊರಳಿದೆ. ಕಿವಿಯಲ್ಲಿ ಅವನ ದನಿ ಸ್ಪಷ್ಟವಾಗಿ ಬಂತು: "ಅಸನ್, ನಿಲ್ಲೋ. ಗುಮ್ ಅಂತು. ನನ್ ಕಾಲಡಿಗೇ ಅಂತು. ವಾಪಸ್ ಬಾ." ಒಂದೊಂದು ಅಕ್ಷರವೂ ಕೇಳಿಸಿತು. ನಾನು ಏನಂದೆ ಗೊತ್ತೇ? "ನಿಂಗೆ ವಯಸ್ಸಾಯ್ತು ಕಣೋ" ಅಂದೆ. ಅವನು ಮತ್ತೆ ಶುರು ಮಾಡಿದ, ನಾನು ಗುಂಡಿ ಒತ್ತಿ ಅವನ ದನಿಯನ್ನು ಆರಿಸಿಬಿಟ್ಟೆ.

ಮೇಲಿನಿಂದ ಎರಡು ಸೀಟಿ ಊದಿದನೋ ಏನೋ. ಹೆಲ್ಮೆಟ್ಟಿನೊಳಗೆ ಆ ಹೆಂಗಸು ಮೀಟರ್ ಎಣಿಸುತ್ತಿದ್ದಳು, ನಾನು ಅವಳನ್ನು ಕೇಳುತ್ತಿದ್ದೆ. ಕೂಗಿದ್ದು ತಲುಪಲಿಲ್ಲ ಅಂತ ಅವನು ನನ್ನನ್ನು ಹಿಡಿದು ನಿಲ್ಲಿಸಲು ತಾನೇ ಇಳಿದ. ಹಿಮ ಮಾತಾಡಿದ್ದು ಗೊತ್ತಿದ್ದೂ ಇಳಿದ.

ನೀನು ಏಳು ವಾರದಿಂದ ಹೊತ್ತಿರುವುದು ನನ್ನ ಹೊರೆ. ನೀನು ಹೊರುತ್ತಿದ್ದೀಯ ಅಂತ ಗೊತ್ತಿದ್ದೂ ಸುಮ್ಮನಿದ್ದೆ, ಏಕೆಂದರೆ ಅದು ನಿನ್ನ ಮೇಲಿರುವಷ್ಟು ದಿನ ಈ ಊರು ನನ್ನನ್ನು ಅಣ್ಣ ಅನ್ನುತ್ತದೆ. ನಿನ್ನ ಅಮ್ಮನಿಗೂ ಹೇಳಿಲ್ಲ, ನಿನಗೇ ಮೊದಲು. ಈ ಕಾಗದವನ್ನು ಬಸ್ಸಿಗೆ ಕೊಟ್ಟು ಅಲ್ಲಿಂದಲೇ ಸಾಲ್ಕಿನ್ ಮನೆಗೆ ಹೋಗುತ್ತೇನೆ. ಅವಳು ಉಣ್ಣಲು ಕರೆಯುತ್ತಾಳೆ. ಕೂರುವ ಮೊದಲು, ನಿಂತೇ ಹೇಳುತ್ತೇನೆ.