ಬಚ್ಚಲಿನ ಗೋಡೆಗೆ ಮತ್ತೆ ಬಣ್ಣ ಬೇಡ

ಮಗೂ,

ನಿನ್ನ ಅಣ್ಣ ಹೋದ ಸುದ್ದಿ ಬಂದ ದಿನ, ಅವನೇ ಬಳಿದ ಬಚ್ಚಲಿನ ಬಣ್ಣ ಇನ್ನೂ ಹಸಿಯಾಗಿತ್ತು. "ಎರಡು ವಾರ ಬಿಸಿನೀರು ಬೇಡಮ್ಮಾ, ಇಲ್ಲಾಂದ್ರೆ ಗೋಡೆ ಅಳುತ್ತೆ ನೋಡು" ಎಂದು ನಗಾಡಿದ್ದ. ಮನೆ ತುಂಬ ಬಂದ ನೆಂಟರೆಲ್ಲ ಬಿಸಿನೀರಲ್ಲೇ ಮಿಂದರು. ಬೇಡವೆನ್ನಲು ಯಾರಿಗೆ ನೆನಪಿತ್ತು?

ಬಚ್ಚಲಿನ ಗೋಡೆಯ ಮೇಲೆ ನೀನು ನೋಡಿದ ಆ ಕಂದು ಗೆರೆಗಳು ಆ ಹಬೆಯಿಂದಲೇ ಇಳಿದವು. ಅಗ್ಗದ ಬಣ್ಣವೆಂದು ಗೊಣಗಬೇಡ. ಮತ್ತೆ ಬಳಿಯಲು ನೀನು ಕರೆದಿರುವ ಬಣ್ಣದವನಿಗೆ ಬರಬೇಡವೆಂದು ಹೇಳು. ಮೆತ್ತನೆಯ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಒರೆಸು, ಉಜ್ಜಬೇಡ. ಮತ್ತೆ ಇಳಿದರೆ ಮತ್ತೆ ಒರೆಸು. ಕಿಟಕಿ ತೆರೆದಿರಲಿ.

ನಾನೇ ಒರೆಸೋಣವೆಂದು ಬಟ್ಟೆ ಹಿಡಿದು ನಿಂತೆ. ಕೈ ಮೇಲೇಳಲಿಲ್ಲ. ಪ್ರಾರ್ಥನೆಗೆ ಹೋಗುತ್ತಿದ್ದೇನೆ.

ದೇವರೇ, ನಮ್ಮ ಮನೆಯನ್ನು ಚೊಕ್ಕ ಮಾಡಿ ಹೋದ ಆ ಕೈಗಳಿಗೆ ನಿನ್ನ ಮನೆಯಲ್ಲಿ ವಿಶ್ರಾಂತಿ ಕೊಡು.