ಟೈಲರ್ ಮಾಮನ ಮಗಳು

ಮಾರ್ಚ್ ೧೧, ಮಂಗಳವಾರ

ಈ ಮರಳುಗಾಡಿನ ಊರಿಗೆ, ಚಿಕ್ಕಮ್ಮನ ಮನೆಗೆ ಮರಳಿ ಒಂಬತ್ತು ದಿನವಾಯಿತು. ಊರನ್ನು ನೋಡಿದರೇ ಮೈ ಉರಿಯುತ್ತದೆ. ನಾನಿಲ್ಲದ ಎರಡು ವರ್ಷದಲ್ಲಿ ಐದು ಜನ ಕಾಣೆಯಾಗಿದ್ದಾರೆ. ಹಾಸಿಗೆ, ಚಪ್ಪಲಿ ಎಲ್ಲ ಇದ್ದಲ್ಲೇ ಇವೆ, ಮನುಷ್ಯರು ಮಾತ್ರ ಇಲ್ಲ. ಕೊನೆಯವಳು ನನ್ನ ಗೆಳತಿ ಗುಬ್ಬಿ. ಯಾರೂ ತುಟಿ ಬಿಚ್ಚುವುದಿಲ್ಲ.

ಇವತ್ತು ಸ್ಕೂಲು ಬಿಟ್ಟ ಕೂಡಲೇ ಅವಳ ಅಪ್ಪನ ಹೊಲಿಗೆ ಅಂಗಡಿಗೆ ನುಗ್ಗಿದೆ.

"ಗುಬ್ಬಿ ಎಲ್ಲಿ, ಟೈಲರ್ ಮಾಮ?"

ಮಷಿನ್ ನಿಂತಿತು. ಅವರು ತಲೆಯೆತ್ತಲಿಲ್ಲ. "ನಂಗೆ ಮಗಳೇ ಇಲ್ಲಮ್ಮ."

"ಎಷ್ಟು ಸಲ ನಿಮ್ಮನೇಲಿ ಅವಳ ಪಕ್ಕ ಮಲಗಿದೀನಿ. ಹಿಂಗನ್ನೋಕೆ ನಾಚಿಕೆ ಆಗಲ್ವಾ?"

ಗಿರಾಕಿಗಳು ನನ್ನನ್ನು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ನೋಡಿದರು. ಒಬ್ಬಳು ರಟ್ಟೆ ಹಿಡಿದು ಹೊರಗೆ ತಳ್ಳಿ, ಕಾಲ ಬಳಿ ಉಗಿದಳು.

ನಾನು ಮನೆಗೆ ಬರುವಷ್ಟರಲ್ಲಿ ವಿಷಯ ಚಿಕ್ಕಮ್ಮನ ಕಿವಿಗೆ ಬಿದ್ದಿತ್ತು. "ಬಾಯಿ ಮುಚ್ಕೊಂಡಿರೇ. ಗುಬ್ಬೀನೂ ಕಾಣೆಯಾದೋರ ಹೆಸರು ಹಿಡಿದು ಬೀದಿ ಬೀದಿ ಕೇಳ್ತಿದ್ಲು. ವಾರದಲ್ಲಿ ಅವಳೇ ಇಲ್ಲ. ಟೈಲರ್‌ಗೆ ಇನ್ನೂ ಒಬ್ಬ ಮಗ ಇದಾನೆ, ಅದಕ್ಕೇ ಹಂಗಂತಾನೆ."

ಮಾಮನ ಬಗ್ಗೆ ಅಯ್ಯೋ ಅನ್ನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ.

ಈಗಷ್ಟೇ ಚಿಕ್ಕಮ್ಮ ನನ್ನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದಳು. ಹಾಕಿಕೊಳ್ಳಲಿ. ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗಿ ಐದೂ ಹೆಸರು ಬರೆಸುತ್ತೇನೆ. ಈ ಕಿಟಕಿಗೆ ಸರಳಿಲ್ಲ. ನನಗೆ ಹೆದರಿಕೆ ಇಲ್ಲವೆಂದಲ್ಲ, ಆದರೆ—